ಭಯ ಮೊದಲು, ಸುದ್ದಿ ಆಮೇಲೆ: 1934ರ ಭೂಕಂಪ ಗಾಳಿಸುದ್ದಿಯ ಬಗ್ಗೆ ಕಲಿಸಿದ್ದೇನು?

ಇವತ್ತಿನ ಸಂಚಿಕೆಯ ವಿಷಯ ಗಾಳಿಸುದ್ದಿ.

ಗಾಳಿಸುದ್ದಿ ಅಂದ ತಕ್ಷಣ ನಮಗೆ ನೆನಪಾಗೋದು ವಾಟ್ಸ್‌ಆ್ಯಪ್. ಇದೆಲ್ಲ ಸ್ಮಾರ್ಟ್‌ಫೋನ್ ಬಂದ ಮೇಲೆ ಶುರುವಾದ ಕಾಯಿಲೆ ಅಂತ ಅಂದುಕೊಳ್ತೀವಿ. ಆದರೆ ಬೆಂಗಳೂರಿನ ಹಳಬರನ್ನ ಕೇಳಿ ನೋಡಿ. 1990ರ ದಶಕದಲ್ಲಿ, ಮೊಬೈಲ್ ಇಲ್ಲದ ಕಾಲದಲ್ಲಿ, ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ ಅನ್ನೋ ಮಾತು ಹಬ್ಬಿ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ಫಾರ್ವರ್ಡ್ ಬಟನ್ ಇಲ್ಲದೆಯೇ ಆ ಸುದ್ದಿ ಊರು ಸುತ್ತಿತ್ತು.

ಹಾಗಾಗಿ ಇವತ್ತು ಫೋನನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳೋಣ. ಸುಳ್ಳು ಸುದ್ದಿ ಕೇಳಿ ನಾವು ಹೆದರುತ್ತೀವಾ? ಅಥವಾ ಮೊದಲೇ ಹೆದರಿರೋದರಿಂದ ಸುಳ್ಳು ಸುದ್ದಿ ನಂಬ್ತೀವಾ? ಕೇಳೋಕೆ ಎರಡೂ ಒಂದೇ ಅನ್ನಿಸಬಹುದು. ಅಲ್ಲ. ಈ ವ್ಯತ್ಯಾಸ ಮೊದಲು ಹೊಳೆದದ್ದು ಹೇಗೆ ಅಂತ ತಿಳೀಬೇಕಾದರೆ ನಾವು 1934ರ ಬಿಹಾರಕ್ಕೆ ಹೋಗಬೇಕು.

1934ರ ಜನವರಿ 15. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಬಿಹಾರ ಮತ್ತು ನೇಪಾಳದಲ್ಲಿ ನೆಲ ನಡುಗಿತು. ಸಣ್ಣಪುಟ್ಟ ನಡುಕ ಅಲ್ಲ, ಇವತ್ತಿನ ಲೆಕ್ಕದಲ್ಲಿ ಅದರ ತೀವ್ರತೆ ಸುಮಾರು 8. ಮುಂಗೇರ್, ಮುಜಫ್ಫರ್‌ಪುರದಂಥ ಊರುಗಳು ಕುಸಿದು ಬಿದ್ದವು. ಅತ್ತ ಕಾಠ್ಮಂಡು ಕಣಿವೆಯಲ್ಲೂ ಭಾರಿ ಹಾನಿಯಾಯ್ತು. ಎರಡೂ ಕಡೆ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಉತ್ತರ ಬಿಹಾರದಲ್ಲಿ ರೈಲು ಹಳಿ ಬಾಗಿತು, ಸೇತುವೆ ಮುರಿಯಿತು, ಟೆಲಿಗ್ರಾಫ್ ತಂತಿ ಹರಿಯಿತು. ಪಕ್ಕದ ಜಿಲ್ಲೆಯಲ್ಲಿ ಏನಾಗಿದೆ ಅಂತ ತಿಳಿಯೋಕೆ ದಾರಿಯೇ ಇಲ್ಲ.

ಆಗ ಬಿಹಾರದಲ್ಲಿ ಜಮುನಾ ಪ್ರಸಾದ್ ಅನ್ನೋ ಮನಶ್ಶಾಸ್ತ್ರಜ್ಞರಿದ್ದರು. ಎಲ್ಲರೂ ಬಿದ್ದ ಗೋಡೆ, ಸತ್ತವರ ಲೆಕ್ಕದ ಕಡೆ ನೋಡ್ತಿದ್ದಾಗ ಇವರು ಜನರ ಬಾಯಿಂದ ಬಾಯಿಗೆ ಹೋಗ್ತಿದ್ದ ಮಾತುಗಳನ್ನ ಬರೆದಿಟ್ಟುಕೊಳ್ಳೋಕೆ ಶುರು ಮಾಡಿದರು. ಗಂಗೆಯ ನೀರೆಲ್ಲ ಮಾಯವಾಯ್ತಂತೆ, ಸ್ನಾನ ಮಾಡ್ತಿದ್ದವರು ಮರಳಲ್ಲಿ ಹೂತುಹೋದರಂತೆ. ಇಂಥ ತಾರೀಖಿಗೆ ದೊಡ್ಡ ಚಂಡಮಾರುತ ಬರುತ್ತಂತೆ. ಚಂದ್ರಗ್ರಹಣದ ದಿನ ಮತ್ತೆ ಭೂಮಿ ನಡುಗುತ್ತಂತೆ. ನೇಪಾಳದ ಗಡಿಯಿಂದ ಪ್ರವಾಹ ನುಗ್ಗಿ ಬರ್ತಿದೆಯಂತೆ. ಪ್ರಳಯವೇ ಆಗುತ್ತಂತೆ. ಹೀಗೆ ಸಂಗ್ರಹಿಸಿದ್ದನ್ನ ವಿಶ್ಲೇಷಿಸಿ ಅವರು ಬರೆದ ಪ್ರಬಂಧ 1935ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯ್ತು. ಗಾಳಿಸುದ್ದಿಯನ್ನ ವಿಜ್ಞಾನದ ಕಣ್ಣಿಂದ ನೋಡಿದ ಆರಂಭದ ಅಧ್ಯಯನಗಳಲ್ಲಿ ಇದೂ ಒಂದು. ಮಾಡಿದ್ದು ನಮ್ಮ ದೇಶದವರು, ನಮ್ಮ ದೇಶದ ಅನಾಹುತದ ಮೇಲೆ.

ಅದೇ ಹೊತ್ತಲ್ಲಿ ಇನ್ನೊಂದು ದೊಡ್ಡ ವಾದವೂ ನಡೀತು. ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದ ಗಾಂಧೀಜಿ, ಈ ಭೂಕಂಪ ಅಸ್ಪೃಶ್ಯತೆ ಅನ್ನೋ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂದರು. ರವೀಂದ್ರನಾಥ ಟ್ಯಾಗೋರರಿಗೆ ಇದು ಒಪ್ಪಿಗೆಯಾಗಲಿಲ್ಲ. ಅಸ್ಪೃಶ್ಯತೆ ಹೋಗಬೇಕು ಅನ್ನೋದರಲ್ಲಿ ಅವರು ಗಾಂಧೀಜಿ ಪರವೇ. ಆದರೆ ಭೌತಿಕ ಘಟನೆಗೆ ಭೌತಿಕ ಕಾರಣವೇ ಇರೋದು, ಅದನ್ನ ಪಾಪಪುಣ್ಯಕ್ಕೆ ಗಂಟುಹಾಕಬಾರದು ಅಂತ ಅವರು ಬರೆದರು. ಇದೇ ತರ್ಕ ಹಿಡಿದು ನಿಮ್ಮ ವಿರೋಧಿಗಳು 'ಈ ಭೂಕಂಪಕ್ಕೆ ಗಾಂಧಿಯೇ ಕಾರಣ' ಅಂದರೂ ನನಗೆ ಆಶ್ಚರ್ಯವಾಗಲ್ಲ ಅನ್ನೋ ಅರ್ಥದ ಮಾತನ್ನೂ ಸೇರಿಸಿದರು. ಆ ಟೀಕೆಯನ್ನ ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲೇ ಪ್ರಕಟಿಸಿ, ಉತ್ತರವನ್ನೂ ಬರೆದರು.

ಯಾರು ಸರಿ ಅನ್ನೋ ತೀರ್ಪು ಕೊಡೋಕೆ ಈ ಕಥೆ ಹೇಳಲಿಲ್ಲ. ಟ್ಯಾಗೋರರು ಹಿಡಿದ ಎಳೆ ನೋಡಿ. ನೆಲ ನಡುಗಿದ್ದು ಒಂದೇ ಸಲ, ಆದರೆ ಅದಕ್ಕೆ ಕಾರಣ ಹುಡುಕುವಾಗ ಪ್ರತಿಯೊಬ್ಬರೂ ತಮ್ಮ ಮನಸ್ಸಲ್ಲಿ ಮೊದಲೇ ಇದ್ದದ್ದನ್ನೇ ಹುಡುಕಿ ತೆಗೆಯಬಹುದು. ಈ ಮಾತನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಈಗ 1951ಕ್ಕೆ ಬರೋಣ, ಅಮೆರಿಕಕ್ಕೆ. ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞನಿಗೆ ಒಂದು ಕೆಲಸ ಬಂತು. ಸಂವಹನ, ಸಮೂಹ ಮಾಧ್ಯಮ, ಒಬ್ಬರ ಮೇಲೆ ಇನ್ನೊಬ್ಬರ ಪ್ರಭಾವ, ಇವುಗಳ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಅದರಿಂದ ಏನು ತಿಳಿಯುತ್ತೆ ಅಂತ ಹೇಳೋ ಕೆಲಸ. ಹಾಗೆ ಓದ್ತಾ ಓದ್ತಾ ಅವನ ಕೈಗೆ ಜಮುನಾ ಪ್ರಸಾದರ ಪ್ರಬಂಧ ಸಿಕ್ಕಿತು. ಅಲ್ಲಿ ಒಂದು ವಿಷಯ ಅವನನ್ನ ತಡೆದು ನಿಲ್ಲಿಸಿತು.

ಭೂಕಂಪ ಮುಗಿದಿದೆ. ಜನ ಹೆದರಿದ್ದಾರೆ. ಹೆದರಿದವರಿಗೆ ಬೇಕಾದ್ದು ಸಮಾಧಾನ, ಅಲ್ವಾ? 'ಇನ್ನೇನೂ ಆಗಲ್ಲಂತೆ, ಎಲ್ಲ ಸರಿಹೋಯ್ತಂತೆ' ಅನ್ನೋ ಸುದ್ದಿ ಹಬ್ಬಬೇಕಿತ್ತು. ಆದರೆ ಹಬ್ಬಿದ್ದು ಅದರ ಉಲ್ಟಾ. ಇನ್ನೂ ದೊಡ್ಡದು ಬರುತ್ತೆ, ಚಂಡಮಾರುತ ಬರುತ್ತೆ, ಪ್ರಳಯ ಬರುತ್ತೆ ಅನ್ನೋ ಸುದ್ದಿ. ಮೊದಲೇ ನಡುಗುತ್ತಿರೋ ಜನ ತಮ್ಮನ್ನ ಇನ್ನಷ್ಟು ಹೆದರಿಸೋ ಮಾತನ್ನ ಯಾಕೆ ನಂಬಬೇಕು? ಯಾಕೆ ಅದನ್ನ ಪಕ್ಕದ ಮನೆಗೂ ದಾಟಿಸಬೇಕು?

ಫೆಸ್ಟಿಂಗರ್ ಇನ್ನೊಂದನ್ನ ಗಮನಿಸಿದ. ಈ ಸುದ್ದಿಗಳು ಹಬ್ಬಿದ್ದು ನಡುಕ ಜೋರಾಗೇ ಅನುಭವಕ್ಕೆ ಬಂದರೂ ಕಣ್ಣೆದುರು ದೊಡ್ಡ ಹಾನಿ ಕಾಣದ ಜನರ ನಡುವೆ. ಅಂದರೆ ಎದೆ ಹೊಡೆದುಕೊಳ್ತಿದೆ, ಕೈಕಾಲು ನಡುಗುತ್ತಿದೆ, ಆದರೆ ಸುತ್ತ ನೋಡಿದರೆ ಮನೆ ನಿಂತಿದೆ, ಬೀದಿ ಹಾಗೇ ಇದೆ. ಹಾಗಾದರೆ ನಾನು ಯಾಕೆ ಹೆದರಿದ್ದೀನಿ? ಭಯ ಇದೆ, ಭಯಕ್ಕೆ ತಕ್ಕ ಕಾರಣ ಇಲ್ಲ. ಇವೆರಡೂ ಒಂದಕ್ಕೊಂದು ಹೊಂದ್ತಿಲ್ಲ. ಆಗ ಯಾರೋ ಬಂದು 'ಗ್ರಹಣದ ದಿನ ಮತ್ತೆ ನಡುಗುತ್ತಂತೆ' ಅಂದರೆ ಮನಸ್ಸಿಗೆ ಏನಾಗುತ್ತೆ? ಓಹೋ, ಅದಕ್ಕೇ ನನಗೆ ಹೀಗಾಗ್ತಿದೆ ಅನ್ನಿಸುತ್ತೆ. ಸುದ್ದಿ ಕೆಟ್ಟದ್ದೇ. ಆದರೂ ಅದರಿಂದ ಒಂಥರಾ ನೆಮ್ಮದಿ ಸಿಗುತ್ತೆ, ಯಾಕಂದ್ರೆ ಭಯಕ್ಕೆ ಕಾರಣ ಸಿಕ್ಕಿತು.

ಅಂದರೆ ಆ ಗಾಳಿಸುದ್ದಿಗಳು ಭಯ ಹುಟ್ಟಿಸಲಿಲ್ಲ. ಮೊದಲೇ ಇದ್ದ ಭಯವನ್ನ ಸಮರ್ಥಿಸಿಕೊಳ್ಳೋಕೆ ನೆರವಾದವು. ಇದು ಫೆಸ್ಟಿಂಗರನ ಊಹೆ.

ಅದನ್ನ ಹೋಲಿಸಿ ನೋಡೋಕೆ ಅವನಿಗೆ ಸಿಕ್ಕಿದ್ದೂ ಭಾರತದ್ದೇ ಅಧ್ಯಯನ. 1950ರಲ್ಲಿ ಡಾರ್ಜಿಲಿಂಗ್‌ನಲ್ಲಿ ಗುಡ್ಡ ಕುಸಿದು ಸಾವುನೋವಾಗಿತ್ತು. ದುರ್ಗಾನಂದ ಸಿನ್ಹಾ ಅನ್ನೋ ಮನಶ್ಶಾಸ್ತ್ರಜ್ಞರು ಅಲ್ಲಿ ಹಬ್ಬಿದ ಮಾತುಗಳನ್ನ ಸಂಗ್ರಹಿಸಿ 1952ರಲ್ಲಿ ಪ್ರಕಟಿಸಿದ್ದರು. ಡಾರ್ಜಿಲಿಂಗ್ ಜನ ಕುಸಿದ ಮನೆ, ಸತ್ತವರ ಶವ ಎಲ್ಲವನ್ನೂ ಕಣ್ಣಾರೆ ಕಂಡವರು. ಅಲ್ಲೂ ಅಂತೆಕಂತೆ ಇತ್ತು, ಆಗಿದ್ದನ್ನ ಒಂದಕ್ಕೆ ಎರಡು ಮಾಡಿ ಹೇಳೋದಿತ್ತು. ಆದರೆ ಮುಂದೆ ಇದಕ್ಕಿಂತ ಭಯಂಕರವಾದದ್ದು ಕಾದಿದೆ ಅನ್ನೋ ಮಾತು ಹಬ್ಬಿರಲಿಲ್ಲ. ಅವರ ಭಯಕ್ಕೆ ಕಾರಣ ಕಣ್ಣೆದುರೇ ಇತ್ತು, ಹೊಸದಾಗಿ ಹುಡುಕಬೇಕಿರಲಿಲ್ಲ.

ಎರಡೇ ಘಟನೆಗಳನ್ನ ಇಟ್ಟುಕೊಂಡು ಇದು ಸಾಬೀತಾಯ್ತು ಅನ್ನೋಕಾಗಲ್ಲ. ಎರಡು ಊರು, ಎರಡು ಕಾಲ, ಎರಡು ಥರದ ಅನಾಹುತ. ಆದರೆ ಈ ಸಣ್ಣ ಎಳೆಯಿಂದಲೇ ಫೆಸ್ಟಿಂಗರ್ 1957ರಲ್ಲಿ ದೊಡ್ಡ ಸಿದ್ಧಾಂತ ಹೆಣೆದ. ಇಂಗ್ಲಿಷಿನಲ್ಲಿ ಅದಕ್ಕೆ ಕಾಗ್ನಿಟಿವ್ ಡಿಸೊನೆನ್ಸ್ ಅಂತಾರೆ. ನಮ್ಮ ಮಾತಲ್ಲಿ ಹೇಳಬೇಕಂದ್ರೆ ಮನಸ್ಸಿನೊಳಗಿನ ಅಪಸ್ವರ. ತಲೆಯಲ್ಲಿರೋ ಎರಡು ವಿಚಾರ ಒಂದಕ್ಕೊಂದು ಹೊಂದದಿದ್ದಾಗ ಮನುಷ್ಯನಿಗೆ ಕಿರಿಕಿರಿಯಾಗುತ್ತೆ. ಆ ಕಿರಿಕಿರಿ ಕಳೆದುಕೊಳ್ಳೋಕೆ ಅವನು ಏನನ್ನಾದರೂ ಬದಲಾಯಿಸ್ತಾನೆ, ಎಷ್ಟೋ ಸಲ ತನ್ನ ನಂಬಿಕೆಯನ್ನೇ. ಕಾಲೇಜಲ್ಲಿ ಸೈಕಾಲಜಿ ಓದಿದವರು ಈ ಹೆಸರು ಕೇಳಿರ್ತೀರಿ. ಅದರ ಮೊದಲ ಸುಳಿವು ಸಿಕ್ಕಿದ್ದು ಬಿಹಾರದ ಭೂಕಂಪದಿಂದ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ.

ಭಯ ಕಾರಣ ಹುಡುಕುತ್ತೆ ಅಂತಾಯ್ತು. ಹಾಗೆ ಸಿಕ್ಕ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಏನಾಗುತ್ತೆ?

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಗಾಳಿಸುದ್ದಿ ದೊಡ್ಡ ತಲೆನೋವಾಗಿತ್ತು. ಬಾಸ್ಟನ್ನಿನ ಒಂದು ಪತ್ರಿಕೆ 1942ರಲ್ಲಿ 'ರೂಮರ್ ಕ್ಲಿನಿಕ್' ಅನ್ನೋ ಅಂಕಣವನ್ನೇ ಶುರು ಮಾಡಿತು. ಊರಲ್ಲಿ ಹಬ್ಬಿರೋ ಸುಳ್ಳನ್ನ ಹಾಕಿ, ನಿಜ ಏನು ಅಂತ ಹೇಳೋದು. ಇವತ್ತಿನ ಫ್ಯಾಕ್ಟ್‌ಚೆಕ್‌ಗೆ ಮುತ್ತಜ್ಜ ಅನ್ನಬಹುದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ರಾಬರ್ಟ್ ನ್ಯಾಪ್ ಅನ್ನೋ ಸಂಶೋಧಕ ದೇಶದಾದ್ಯಂತ ಹಬ್ಬಿದ್ದ ಸಾವಿರಕ್ಕೂ ಹೆಚ್ಚು ಗಾಳಿಸುದ್ದಿಗಳನ್ನ ವಿಂಗಡಿಸಿದ. ಒಳ್ಳೇದಾಗಲಿ ಅನ್ನೋ ಆಸೆಯಿಂದ ಹುಟ್ಟಿದ್ದು ನೂರಕ್ಕೆ ಎರಡರಷ್ಟು. ಭಯದ್ದು ಸುಮಾರು ಇಪ್ಪತ್ತೈದು. ಉಳಿದಿದ್ದರಲ್ಲಿ ಬಹುಪಾಲು, ಅಂದರೆ ಒಟ್ಟಾರೆ ನೂರಕ್ಕೆ ಸುಮಾರು ಅರವತ್ತಾರು, ದ್ವೇಷದ್ದು. ಶತ್ರು ದೇಶದ ಮೇಲಿನ ದ್ವೇಷ ಅಂದುಕೊಂಡ್ರಾ? ಅಲ್ಲ. ಯೆಹೂದ್ಯರು, ಕಪ್ಪುಜನ, ತಮ್ಮದೇ ಸರ್ಕಾರ, ತಮ್ಮದೇ ಮಿತ್ರರಾಷ್ಟ್ರಗಳು. ಅಂದರೆ ಯುದ್ಧದ ಆತಂಕಕ್ಕೆ ಪಕ್ಕದ ಮನೆಯವನೇ ಕಾರಣನಾಗಿ ಕಂಡ.

1947ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಗಾಳಿಸುದ್ದಿಯ ಮನಶ್ಶಾಸ್ತ್ರದ ಬಗ್ಗೆ ಪುಸ್ತಕ ತಂದರು. ಅದರಲ್ಲಿರೋ ಒಂದು ಪ್ರಯೋಗ ಕೇಳಿ. ರೈಲು ಬೋಗಿಯ ಚಿತ್ರ. ಒಬ್ಬ ಬಿಳಿಯ, ಒಬ್ಬ ಕಪ್ಪು ಮನುಷ್ಯ ಎದುರುಬದುರು ನಿಂತು ಮಾತಾಡ್ತಿದ್ದಾರೆ. ಬಿಳಿಯನ ಕೈಯಲ್ಲಿ ಕ್ಷೌರದ ಕತ್ತಿ ಇದೆ. ಚಿತ್ರ ನೋಡಿದವನು ಇನ್ನೊಬ್ಬನಿಗೆ ಅದನ್ನ ವಿವರಿಸಬೇಕು, ಅವನು ಮತ್ತೊಬ್ಬನಿಗೆ. ಹೀಗೆ ಸರಪಳಿ. ಅರ್ಧಕ್ಕೂ ಹೆಚ್ಚು ಸರಪಳಿಗಳಲ್ಲಿ, ಎಲ್ಲೋ ಒಂದು ಕಡೆ, ಕತ್ತಿ ಬಿಳಿಯನ ಕೈಯಿಂದ ಕಪ್ಪು ಮನುಷ್ಯನ ಕೈಗೆ ಹೋಗಿಬಿಟ್ಟಿತ್ತು.

ಇಲ್ಲಿ ಯಾರೂ ಬೇಕಂತಲೇ ಸುಳ್ಳು ಹೇಳಬೇಕಿಲ್ಲ. ದಾಟಿಸುವಾಗ ಕೆಲವು ವಿವರ ಉದುರುತ್ತೆ, ಕೆಲವು ಚೂಪಾಗುತ್ತೆ, ಉಳಿದಿದ್ದು ನಮ್ಮ ಹಳೇ ನಂಬಿಕೆಯ ಅಚ್ಚಿಗೆ ತಕ್ಕಂತೆ ಬಾಗುತ್ತೆ. ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಇನ್ನೊಂದು ಸರಳ ಸೂತ್ರವನ್ನೂ ಕೊಟ್ಟರು. ಗಾಳಿಸುದ್ದಿಯ ಜೋರು ಎಷ್ಟಿರುತ್ತೆ ಅಂದರೆ, ವಿಷಯ ನಮಗೆ ಎಷ್ಟು ಮುಖ್ಯವೋ ಅದನ್ನ, ನಿಜಸಂಗತಿ ಎಷ್ಟು ಅಸ್ಪಷ್ಟವೋ ಅದರಿಂದ ಗುಣಿಸಿದಷ್ಟು. ಎರಡರಲ್ಲಿ ಒಂದು ಸೊನ್ನೆಯಾದರೂ ಗಾಳಿಸುದ್ದಿ ಹುಟ್ಟಲ್ಲ. 1934ರ ಬಿಹಾರದಲ್ಲಿ ಎರಡೂ ಇದ್ದವು. ಜೀವದ ಪ್ರಶ್ನೆ, ಜೊತೆಗೆ ತಂತಿ ಹರಿದು ಸುದ್ದಿಯೇ ಇಲ್ಲ.

ಈಗ ನಮ್ಮೂರಿಗೆ ಬರೋಣ. 2012ರ ಆಗಸ್ಟ್, ಬೆಂಗಳೂರು. ಅದರ ಹಿಂದಿನ ತಿಂಗಳು ಅಸ್ಸಾಂನ ಕೊಕ್ರಝಾರ್ ಸುತ್ತಮುತ್ತ ಬೋಡೋಗಳು ಮತ್ತು ಮುಸ್ಲಿಮರ ನಡುವೆ ಹಿಂಸಾಚಾರ ನಡೆದು ಲಕ್ಷಾಂತರ ಜನ ಮನೆ ಬಿಟ್ಟಿದ್ದರು. ಪುಣೆಯಲ್ಲಿ ಈಶಾನ್ಯದ ಕೆಲವರ ಮೇಲೆ ಹಲ್ಲೆಯಾಗಿತ್ತು. ಆಮೇಲೆ ಎಸ್‌ಎಂಎಸ್ ಬರೋಕೆ ಶುರುವಾಯ್ತು. ರಂಜಾನ್ ಮುಗಿಯೋದ್ರೊಳಗೆ ಊರು ಬಿಡಿ, ಇಲ್ಲಾಂದ್ರೆ ಉಳಿಯಲ್ಲ ಅನ್ನೋ ಥರದ ಸಂದೇಶಗಳು. ಜೊತೆಗೆ ಎಲ್ಲೆಲ್ಲಿಯದೋ, ತಿರುಚಿದ ಫೋಟೋಗಳು.

ಆಗಸ್ಟ್ 15 ಮತ್ತು 16ರಂದು ಬೆಂಗಳೂರು ಸಿಟಿ ರೈಲು ನಿಲ್ದಾಣ ತುಂಬಿ ತುಳುಕಿತು. ವಿದ್ಯಾರ್ಥಿಗಳು, ಸೆಕ್ಯೂರಿಟಿ ಗಾರ್ಡ್‌ಗಳು, ಹೋಟೆಲ್‌ನಲ್ಲಿ, ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸ ಮಾಡೋರು, ಕೈಗೆ ಸಿಕ್ಕ ಬ್ಯಾಗ್ ಹಿಡಿದು ಬಂದಿದ್ದರು. ರೈಲ್ವೆ ಇಲಾಖೆ ಗುವಾಹಟಿಗೆ ವಿಶೇಷ ರೈಲು ಬಿಟ್ಟಿತು. ಮಂತ್ರಿಗಳು ನಿಲ್ದಾಣಕ್ಕೇ ಬಂದು 'ಹೋಗಬೇಡಿ, ನಾವಿದ್ದೀವಿ' ಅಂದರು. ಆದರೂ ಕೆಲವೇ ದಿನಗಳಲ್ಲಿ ಸಾವಿರಾರು ಜನ ಊರು ಬಿಟ್ಟರು. ಕೇಂದ್ರ ಸರ್ಕಾರ ಹದಿನೈದು ದಿನ ಬಲ್ಕ್ ಎಸ್‌ಎಂಎಸ್ ನಿಷೇಧಿಸಿತು. ಮೊದಲಿಗೆ ಒಂದು ಸಲಕ್ಕೆ ಐದು ಜನರಿಗಿಂತ ಹೆಚ್ಚು ಕಳಿಸೋ ಹಾಗಿರಲಿಲ್ಲ. ಕೊನೆಗೆ ಆ ಸಂದೇಶಗಳು ಹೇಳಿದಂಥ ದೊಡ್ಡ ದಾಳಿ ನಡೆಯಲೇ ಇಲ್ಲ.

ಆಗ ಎಲ್ಲರೂ ಕೇಳಿದ ಪ್ರಶ್ನೆ, 'ಆ ಎಸ್‌ಎಂಎಸ್ ಕಳಿಸಿದ್ದು ಯಾರು?' ಸರಿಯಾದ ಪ್ರಶ್ನೆಯೇ. ಆದರೆ ಬಿಹಾರದ ಪಾಠ ಕೇಳಿದ ಮೇಲೆ ಇನ್ನೊಂದನ್ನೂ ಕೇಳಬೇಕು. ಅದೇ ಊರಲ್ಲಿ, ಅದೇ ದಿನ, ನಮಗೆ ನಿಮಗೆ ಅಂಥ ಮೆಸೇಜ್ ಬಂದಿದ್ದರೆ 'ಯಾರೋ ತಲೆಕೆಟ್ಟವನು' ಅಂತ ಡಿಲೀಟ್ ಮಾಡ್ತಿದ್ವಿ. ಅವರು ಯಾಕೆ ಮಾಡಲಿಲ್ಲ? ಬೀದಿಯಲ್ಲಿ ಹೋಗುವಾಗ ಮುಖ ನೋಡಿ ಅಡ್ಡಹೆಸರು ಕೂಗಿಸಿಕೊಂಡವರು. 'ನೀವು ಯಾವ ದೇಶದವರು' ಅಂತ ಕೇಳಿಸಿಕೊಂಡವರು. ಬಾಡಿಗೆ ಮನೆಗೆ ಅಲೆದವರು. ಈ ಊರು ನನ್ನದಲ್ಲ ಅನ್ನೋ ಅಳುಕು ಮೊದಲೇ ಒಳಗಿತ್ತು. ಆ ಅಳುಕಿಗೆ ಎಸ್‌ಎಂಎಸ್ ಒಂದು ತಾರೀಖು ಕೊಟ್ಟಿತು, ಗ್ರಹಣದ ದಿನ ಭೂಮಿ ನಡುಗುತ್ತಂತೆ ಅನ್ನೋ ಹಾಗೆ. ಹಾಗಾಗಿ ಅವರು ಮೋಸಹೋದ ದಡ್ಡರಲ್ಲ. ಸುದ್ದಿ ಸುಳ್ಳಾಗಿತ್ತು, ಭಯ ಸುಳ್ಳಾಗಿರಲಿಲ್ಲ.

ಭಯ ಯಾವಾಗಲೂ ಓಡಿಹೋಗೋಕೆ ಮಾತ್ರ ಹೇಳಲ್ಲ. ಕೆಲವು ಸಲ ಕಲ್ಲು ಎತ್ತಿಕೊಳ್ಳೋಕೂ ಹೇಳುತ್ತೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸ್‌ಆ್ಯಪ್ ಸಂದೇಶ ದೇಶದ ಎಷ್ಟೋ ಕಡೆ ಹಬ್ಬಿತು. ಜೊತೆಗೊಂದು ವಿಡಿಯೋ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡ್ತಿದ್ದ ಮಗುವನ್ನ ಎತ್ತಿಕೊಂಡು ಹೋಗ್ತಾರೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವಿಗಾಗಿ ಮಾಡಿದ ಜಾಹೀರಾತು. ಕೊನೆಯಲ್ಲಿ ಅವರು ಮಗುವನ್ನ ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸ್ತಾರೆ. ಆ ಕೊನೆಯ ತುಂಡನ್ನ ಯಾರೋ ಕತ್ತರಿಸಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನ ಮಕ್ಕಳ ಕಳ್ಳ ಅಂದುಕೊಂಡು ಜನ ಹೊಡೆದರು. ಅವನು ಸತ್ತ. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದ ಕೆಲವು ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ಅನುಮಾನ ಹುಟ್ಟಿತು, ಅವರು ಅಲ್ಲಿಂದ ಹೊರಟರು, ಸಂದೇಶ ಅವರಿಗಿಂತ ಮೊದಲೇ ಮುಂದಿನ ಊರು ಮುರ್ಕಿ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಗುಂಪು ಹೊಡೆದು ಒಬ್ಬ ಇಂಜಿನಿಯರನ್ನ ಕೊಂದಿತು. ಕಾಪಾಡೋಕೆ ಹೋದ ಪೊಲೀಸರಿಗೂ ಗಾಯವಾಯ್ತು. ಚಾಕೊಲೇಟು ಅಪಹರಣದ ಸಾಕ್ಷಿಯಾಗಿಬಿಟ್ಟಿತ್ತು. ರೈಲು ಬೋಗಿಯ ಚಿತ್ರದ ಕತ್ತಿ ನೆನಪಿದೆಯಲ್ವಾ?

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಅನ್ನೋ ಮಿತಿ ತಂದಿತು. ಫಾರ್ವರ್ಡ್ ಆದ ಸಂದೇಶದ ಮೇಲೆ ಹಾಗಂತ ಗುರುತೂ ಬಂತು. ಒಳ್ಳೇ ಕೆಲಸವೇ. ಆದರೆ 2012ರ ಎಸ್‌ಎಂಎಸ್ ಮಿತಿಯೂ ಐದು, 2018ರ ಫಾರ್ವರ್ಡ್ ಮಿತಿಯೂ ಐದು. ವೇಗಕ್ಕೆ ಹಂಪ್ ಹಾಕಿದ್ದೀವಿ, ಗಾಡಿ ಹೊರಟಿದ್ದು ಯಾಕೆ ಅಂತ ಕೇಳಿಲ್ಲ.

ಹಾಗಾದರೆ ಸುಳ್ಳು ಹುಟ್ಟಿಸೋರದ್ದು ತಪ್ಪೇ ಇಲ್ವಾ ಅಂತ ನೀವು ಕೇಳಬಹುದು. ಖಂಡಿತ ಇದೆ. ವಿಡಿಯೋದ ಕೊನೆ ತನ್ನಷ್ಟಕ್ಕೆ ತಾನೇ ಕತ್ತರಿಸಿಕೊಳ್ಳಲ್ಲ. ಆದರೆ ಸುಳ್ಳು ಬಿತ್ತೋನು ಹದವಾದ ನೆಲ ನೋಡಿಯೇ ಬಿತ್ತೋದು. ನೀರಿಲ್ಲದ ಬಂಡೆ ಮೇಲೆ ಯಾರೂ ಬೀಜ ಹಾಕಲ್ಲ.

ಇನ್ನು ಒಂದು ಸಲಕ್ಕೆ ನಂಬದಿದ್ದರೂ ಪದೇಪದೇ ಕೇಳಿದರೆ? 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರದ ಅಂತರದಲ್ಲಿ ಮೂರು ಸಲ ಹೇಳಿಕೆಗಳ ಪಟ್ಟಿ ಕೊಟ್ಟರು. ಪ್ರತಿಯೊಂದೂ ಎಷ್ಟು ನಿಜ ಅನ್ನಿಸುತ್ತೆ ಅಂತ ಅಂಕ ಹಾಕಬೇಕು. ಕೆಲವು ಹೇಳಿಕೆ ಪ್ರತಿ ಸಲವೂ ಬರ್ತಿದ್ದವು. ಹಾಗೆ ಮತ್ತೆ ಮತ್ತೆ ಬಂದವುಗಳು ನಿಜ ಇರಲಿ ಸುಳ್ಳಿರಲಿ, ಅಂಕ ಏರುತ್ತಾ ಹೋಯ್ತು. ಪರಿಚಯ ಇರೋ ಮಾತು ನಿಜದಂತೆ ಕೇಳಿಸುತ್ತೆ. ಫ್ಯಾಮಿಲಿ ಗ್ರೂಪಲ್ಲಿ, ಟಿವಿ ಚರ್ಚೆಯಲ್ಲಿ, ರೀಲ್ಸಲ್ಲಿ ಒಂದೇ ಮಾತು ಮೂರು ಸಲ ಕಣ್ಣಿಗೆ ಬಿದ್ದರೆ ನಮಗೆ ಮೂರು ಸಾಕ್ಷಿ ಸಿಕ್ಕಂತೆ ಅನ್ನಿಸುತ್ತೆ. ಇರೋದು ಒಂದೇ, ಅದೂ ಸುಳ್ಳಾಗಿರಬಹುದು.

ಬಿಹಾರದ ಭೂಕಂಪವಾದ ಮರುವರ್ಷ, 1935ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅಂತ ಹೆಸರು. ಅವರ ಉದ್ಯೋಗ ಏನು ಗೊತ್ತಾ? ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ರೇಡಿಯೋ ಕೇಳೋರಿಗೆ ದನಿ ಎಲ್ಲಿಂದ ಬರ್ತಿದೆ ಅಂತ ತಿಳಿದಿತ್ತು. ಏನಾದರೂ ತಪ್ಪು ಹೇಳಿದರೆ ಹೋಗಿ ಕೇಳೋಕೆ ಒಂದು ವಿಳಾಸ ಇತ್ತು. ಇವತ್ತು ನಮ್ಮ ಕೈಗೆ ಬರೋ ಫಾರ್ವರ್ಡ್‌ಗೆ ಅದಿಲ್ಲ. ಮೊದಲು ಹೇಳಿದ್ದು ಯಾರು ಅಂತ ಅದನ್ನ ಕಳಿಸಿದವರಿಗೂ ಗೊತ್ತಿಲ್ಲ.

ಕನ್ನಡ ಮಾತಾಡೋ ನಮಗೆ ಇಲ್ಲೊಂದು ಅನುಕೂಲ ಇದೆ. ನಮ್ಮಲ್ಲಿ 'ಅಂತೆ' ಅನ್ನೋ ಪುಟ್ಟ ಪದ ಇದೆ. 'ಮಕ್ಕಳ ಕಳ್ಳರು ಬಂದಿದ್ದಾರೆ' ಅಂದರೆ ನಾನು ನೋಡಿದ್ದೀನಿ ಅಂತ. 'ಬಂದಿದ್ದಾರಂತೆ' ಅಂದರೆ ನಾನು ಬರೀ ಕೇಳಿದ್ದು, ಜವಾಬ್ದಾರಿ ನನ್ನದಲ್ಲ ಅಂತ. ನಮ್ಮಜ್ಜಿಯರು ಕಟ್ಟೆ ಮೇಲೆ ಕೂತು ಊರ ಸುದ್ದಿ ಹೇಳುವಾಗಲೂ ಈ 'ಅಂತೆ'ಯನ್ನ ಬಿಡ್ತಿರಲಿಲ್ಲ. ಫಾರ್ವರ್ಡ್ ಆಗೋ ಮೆಸೇಜಲ್ಲಿ ಮೊದಲು ಉದುರೋದು ಅದೇ.

ಹಾಗಾಗಿ ಮುಂದಿನ ಸಲ ಎದೆ ಧಸಕ್ ಅನ್ನಿಸೋ ಸುದ್ದಿಯೊಂದು ಫೋನಿಗೆ ಬಂದರೆ, ಇದು ನಿಜವಾ ಅಂತ ಕೇಳೋಕೂ ಮೊದಲು, ಇದನ್ನ ಓದುವ ಮುಂಚೆಯೇ ನನಗೆ ಯಾರ ಬಗ್ಗೆ ಏನನ್ನಿಸ್ತಿತ್ತು ಅಂತ ಒಮ್ಮೆ ಕೇಳಿಕೊಳ್ಳಿ. ಸುದ್ದಿ ಅದಕ್ಕೆ ತೀರಾ ಚೆನ್ನಾಗಿ ಹೊಂದಿಕೊಂಡರೆ ಅಲ್ಲೇ ಎಚ್ಚರವಾಗಬೇಕು. ಇನ್ನು ಅಮ್ಮನೋ ಚಿಕ್ಕಪ್ಪನೋ ಗ್ರೂಪಲ್ಲಿ ಅಂಥದ್ದೊಂದು ಹಾಕಿದರೆ, ಫ್ಯಾಕ್ಟ್‌ಚೆಕ್ ಲಿಂಕ್ ಕಳಿಸೋದು ಸರಿಯೇ. ಜೊತೆಗೆ ಒಂದು ಫೋನ್ ಮಾಡಿ, 'ಯಾಕಮ್ಮಾ, ಮನೇಲಿ ಒಬ್ಬಳೇ ಇದ್ರೆ ಭಯ ಆಗುತ್ತಾ?' ಅಂತ ಕೇಳಿ. ಲಿಂಕು ಆ ಸುಳ್ಳಿಗೆ ಉತ್ತರ ಕೊಡಬಹುದು. ಅಮ್ಮನ ಭಯಕ್ಕೆ ಉತ್ತರ ಕೊಡೋರು ಯಾರೂ ಇಲ್ಲದಿದ್ದರೆ, ನಾಳೆ ಅದು ಇನ್ನೊಂದು ಸುದ್ದಿ ಹುಡುಕಿಕೊಳ್ಳುತ್ತೆ.